ಹೇಮಾಂಗದ ಒಂದೇ ಸಲ ಹೋದ

ವೆಸ್ಟ್ ಮಾಂಬಲಂ, ಮದ್ರಾಸು
ಮಂಗಳವಾರ, ೨೧ ನವೆಂಬರ್ ೧೯೬೧

ಈಗ ಮೀಸೆ ಬಿಟ್ಟುಕೊಂಡು ಕುಂದಾಪುರದ ಜಗಲಿಯಲ್ಲಿ ಕೂತಿರುವ ಮಹಾರಾಣಿ ಚಾರುಮತಿಗೆ, ಅಂದರೆ ನನ್ನ ಪ್ರೀತಿಯ ಭೋಜರಾಜನಿಗೆ, ಚನ್ನವೀರಪ್ಪನ ನೆನಕೆಗಳು.

ನಿನ್ನ ಕಾರ್ಡು ನಿನ್ನೆ ಕೈಸೇರಿತು. ನಾಟಕದ ಮರುದಿನವೇ ತಲುಪುವಂತೆ ನೋಡಿಕೊಂಡು ಹಾಕಿದ್ದೀ. ಎರಡೇ ಸಾಲು: “ಹೇಮಾಂಗದ ನಾಟಕ ಹೇಗಾಯಿತು? ರಾಣಿಯ ಹಾಡಿಗೆ ಎಷ್ಟು ಒನ್ಸ್ ಮೋರ್?”

ರಾಣಿಯ ಪಾತ್ರ ಯಾರದೆಂದು ನೀನು ಕೇಳಿಲ್ಲ. ನಿನಗೆ ಗೊತ್ತು. ಎರಡು ವರ್ಷದ ಹಿಂದೆ ಇಲ್ಲಿಯ ಕನ್ನಡ ಮಂಡಳಿಯವರು ನಿನ್ನ ವಾಸಂತಿಗೆ ಮೊದಲ ಸಲ ಬಣ್ಣ ಹಚ್ಚಿದರಲ್ಲ, ಆವತ್ತಿನಿಂದ ನಿನ್ನ ಕಾರ್ಡುಗಳ ಕೊನೆಗೆ ‘ಮಗಳಿಗೆ ಆಶೀರ್ವಾದ’ ಎಂಬ ಮಾತು ಬರುವುದು ನಿಂತಿದೆ. ನೀನು ಮದ್ರಾಸಿಗೆ ಬರುವುದೂ ನಿಂತಿದೆ. ಇಪ್ಪತ್ತು ವರ್ಷ ಸೀರೆ ಉಟ್ಟು ರಂಗದ ಮೇಲೆ ಮೆರೆದವನಿಗೆ, ಮಗಳು ಸೀರೆ ಉಟ್ಟು ಅದೇ ಜಾಗದಲ್ಲಿ ನಿಂತರೆ ಯಾಕೆ ಸಂಕಟವಾಗುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ. ಇರಲಿ, ಜಗಳಕ್ಕೆಂದು ಪೆನ್ನು ಹಿಡಿದಿಲ್ಲ.

“ಬಿಗಿನ್ ಅಟ್ ದಿ ಬಿಗಿನಿಂಗ್, ಜಂಟಲ್‌ಮೆನ್” ಎನ್ನುತ್ತಿದ್ದರು ಧಾರವಾಡದ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಪ್ರೊಫೆಸರು. ಅಥವಾ ನಡುವಿನಿಂದ ಶುರುಮಾಡಿ ಅಂದರೋ, ನೆನಪಿಲ್ಲ. ಟ್ರ್ಯಾಜಿಡಿ ಎಂದರೆ ನೋಡುವವರ ಮನಸ್ಸಿನಲ್ಲಿ ಎರಡು ಸಂಗತಿ ಹುಟ್ಟಿಸಬೇಕು ಎಂದೂ ಹೇಳುತ್ತಿದ್ದರು. ಮೊದಲನೆಯದು ಪಿಟಿ, ಅಂದರೆ ಮರುಕ. ಎರಡನೆಯದನ್ನು ಹೇಳಿದ ದಿನ ನಾನು ನಿಮ್ಮ ನಾಟಕ ಕಂಪನಿಯ ಡೇರೆಯ ಹಿಂದೆ, ನೀನು ಗಡ್ಡ ಹೆರೆದುಕೊಂಡು ರಾಣಿಯಾಗುವುದನ್ನು ನೋಡುತ್ತ ಕೂತಿದ್ದೆ. ನನ್ನ ಇಂಗ್ಲಿಷ್ ಅರ್ಧಕ್ಕೇ ನಿಂತದ್ದಕ್ಕೆ ನೀನೇ ಹೊಣೆ.

ನಾಟಕ ನುಂಗಂಬಾಕ್ಕಂನ ಒಂದು ಶಾಲೆಯ ಹಾಲ್‌ನಲ್ಲಿ. ಮಧ್ಯಾಹ್ನದಿಂದಲೇ ಮಳೆ. ಮಂಡಳಿಯ ಅಧ್ಯಕ್ಷ ಕಿಟ್ಟಣ್ಣ, ಅದೇ ನಿನ್ನ ಅಳಿಯ ಸದಾನಂದ ಮ್ಯಾನೇಜರಾಗಿರುವ ಹೋಟೆಲಿನ ಯಜಮಾನ, ಆ ಸಂಜೆ ಹೋಟೆಲಿಗೇ ಬೀಗ ಹಾಕಿಸಿದ್ದ. ಭಾನುವಾರದ ದೋಸೆಗೆ ಬಂದ ಮಾಂಬಲಂ ಜನ ಬಾಗಿಲು ಬಡಿದು, ಯಾರು ತೀರಿಕೊಂಡರೆಂದು ಪಕ್ಕದ ಅಂಗಡಿಯಲ್ಲಿ ವಿಚಾರಿಸಿ ಹೋದರಂತೆ. ಸಪ್ಲೈಯರುಗಳು, ಅಡುಗೆಯವರು, ರುಬ್ಬುವ ಐತ, ಎಲ್ಲರೂ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಹಿಂದಿನ ಬೆಂಚುಗಳಲ್ಲಿ. ಮುಂದಿನ ಕುರ್ಚಿಗಳಲ್ಲಿ ನಮ್ಮ ಹುಬ್ಬಳ್ಳಿ ಗದಗಿನ ಕಡೆಯ ವ್ಯಾಪಾರಸ್ಥರು, ಅವರ ಹೆಂಗಸರು, ಅವರ ಒದ್ದೆ ಕೊಡೆಗಳು. ನನ್ನ ಎಡಕ್ಕೆ ಅಕ್ಕ ಶಂಕ್ರಮ್ಮ. ನನ್ನಾಕೆ ಸರ್ವಮಂಗಳಾ ತೀರಿಹೋದ ಮೇಲೆ ಮನೆ ನೋಡಿಕೊಳ್ಳಲು ಬಂದ ನನ್ನ ಅಕ್ಕನನ್ನು ನೀನು ಇನ್ನೂ ಕಂಡಿಲ್ಲ. ನನ್ನನ್ನೂ ಬೈದು ಬೈದೇ ನೋಡಿಕೊಳ್ಳುತ್ತಾಳೆ. ಬಲಕ್ಕೆ ಕೆಳಮನೆಯ ವಿನೋದಾ, ಕಾಲೇಜು ಓದುವವಳು. ಕನ್ನಡದವರ ಮಗಳೇ, ಆದರೆ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ.

ಇಂಥ ಮಕ್ಕಳಿಗೆಂದೇ ಮಂಡಳಿಯವರು ಕಥೆಯನ್ನು ತಮಿಳಿನಲ್ಲಿ ಅಚ್ಚುಹಾಕಿಸಿ ಹಂಚಿದ್ದರು. ‘ರಾಜ್ಯ ಕಳೆದುಕೊಂಡ ಹೇಮಾಂಗದ ರಾಜ ಬೆಳಗಾಗುವುದರೊಳಗೆ ಊರು ಬಿಡಬೇಕು. ರಾಣಿ ಚಾರುಮತಿ ಇರುಳನ್ನು ನಿಲ್ಲು ಎಂದು ಬೇಡುತ್ತಾಳೆ. ಇರುಳು ನಿಲ್ಲುವುದಿಲ್ಲ.’ ನಿಮ್ಮ ಐದು ತಾಸಿನ ನಾಟಕ ಮೂರು ಸಾಲಿಗೆ ಮುಗಿದುಹೋಗಿತ್ತು. ಅದನ್ನು ಓದಿಯೂ ವಿನೋದಾ ಮೊದಲ ಅಂಕದಲ್ಲೇ “ಎಪ್ಪೋ ಮುಡಿಯುಂ ಅಂಕಲ್” ಎಂದು ಶುರುಮಾಡಿದಳು. ಯಾವಾಗ ಮುಗಿಯುತ್ತದೆ ಎಂದರೆ ನಾನೇನು ಹೇಳಲಿ? ನಮ್ಮ ಕಾಲದಲ್ಲಿ ಕೋಳಿ ಕೂಗಿದಾಗ ಮುಗಿಯುತ್ತಿತ್ತು ಅಂದೆ. “ಇಂಗೆ ಕೋಳಿ ಇಲ್ಲೆ ಅಂಕಲ್” ಅಂದಳು.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ. ಹಾಸ್ಯಗಾರನ ಹಾಡಿಗೆ ಎರಡು ಒನ್ಸ್ ಮೋರ್ ಬಂದವು. ರಾಜನ ವೇಷ ಹಾಕಿದ್ದ ಜವಳಿ ಅಂಗಡಿಯ ಹಾಲಸಿದ್ದಪ್ಪನಿಗೆ ದರ್ಬಾರಿನ ಹಾಡಿನಲ್ಲಿ ಒಂದು. ಅದನ್ನು ಕೂಗಿದ್ದು ಅವನ ಅಂಗಡಿಯ ಗುಮಾಸ್ತರೇ ಎಂದು ಶಂಕ್ರಮ್ಮನ ಅನುಮಾನ. ಕತ್ತಿವರಸೆಗೂ ಒಂದು ಬಂತು. ಸತ್ತುಬಿದ್ದಿದ್ದ ಸೇನಾಪತಿ ಎದ್ದು, ಧೂಳು ಕೊಡವಿಕೊಂಡು, ಇನ್ನೊಮ್ಮೆ ಹೊಡೆದಾಡಿ ಇನ್ನೊಮ್ಮೆ ಸತ್ತ. ವಿನೋದಾ ದಾವಣಿಯನ್ನು ಬಾಯಿಗೊತ್ತಿಕೊಂಡು ನಕ್ಕಳು. ಯಾವಾಗ ಮುಗಿಯುತ್ತದೆಂದು ಆಮೇಲೆ ಕೇಳಲಿಲ್ಲ. ಕಿಟ್ಟಣ್ಣ ಹಿಂದಕ್ಕೆ ತಿರುಗಿ ತನ್ನ ಪಡೆಗೆ ಎಚ್ಚರಿಕೆ ಕೊಟ್ಟ. “ಹ್ವಾಯ್, ಗಂಟ್ಲ್ ಈಗ್ಳೇ ಹಾಳ್ ಮಾಡ್ಕಣ್ಬೇಡಿ. ರಾಣಿ ಪದ ಬಪ್ಪುಕಿತ್ತ್.”

ಬಂತು ರಾಣಿಯ ಪದ.

ಇಲ್ಲಿಗೆ ಬರುವಾಗ ಪೆನ್ನಿನ ಶಾಯಿ ಮುಗಿಯಿತು. ತುಂಬಿಸಲು ಎದ್ದವನು ಒಂದು ಲೋಟ ಕಾಫಿಯನ್ನೂ ಕುಡಿದು ಬಂದೆ. ಕಾಫಿ ಕುಡಿದರೆ ಉತ್ತರ ಬದಲಾಗುತ್ತದೆಯೇ? ಒಂದೂ ಇಲ್ಲ, ಭೋಜ. ರಾಣಿಯ ಹಾಡಿಗೆ ಒಂದೇ ಒಂದು ಒನ್ಸ್ ಮೋರ್ ಬರಲಿಲ್ಲ. ಕಾಗದ ಮಡಚಿಟ್ಟು ‘ನಾನು ಮೊದಲೇ ಹೇಳಿರಲಿಲ್ಲವೇ’ ಅನ್ನಬೇಡ. ಮುಂದೆ ಓದು.

ನಿನ್ನ ಚಾರುಮತಿ ನನಗೆ ಕಣ್ಣಿಗೆ ಕಟ್ಟಿದಂತಿದ್ದಾಳೆ. ರಂಗದ ನಡುವೆ ದೀಪ ಹಿಡಿದು ನಿಂತು, ಗುಡಾರದ ಕಡೆಯ ಹಗ್ಗಕ್ಕೂ ಕೇಳುವಂತೆ ‘ಇನ್ನೊಂದು ಗಳಿಗೆ ನಿಲ್ಲು ಇರುಳೇ’ ಎಂದು ನೀನು ಎತ್ತಿದರೆ, ನಾವು ಬೆಂಚಿನ ಮೇಲೆ ನಿಂತೇ ಕೂಗುತ್ತಿದ್ದೆವು. ಹೊರಟುಹೋದ ರಾಜ ಒನ್ಸ್ ಮೋರ್ ಕೇಳಿ ಒಳಗಿನಿಂದ ಮತ್ತೆ ಬರಬೇಕು, ನೀನು ಮತ್ತೆ ಹಾಡಬೇಕು, ಅವನು ಮತ್ತೆ ಹೋಗಬೇಕು. ಹಚ್ಚಿದ ಬೀಡಿ ಆರಿಸಿ ಆರಿಸಿ ಸಾಕಾಯಿತೆಂದು ರಾಜ ನಿನ್ನ ಮೇಲೆ ಮುನಿಸಿಕೊಂಡಿದ್ದು ನೆನಪಿದೆಯೇ? ಮದುವೆಯಾದ ಹೊಸದರಲ್ಲಿ ಸರ್ವಮಂಗಳಾಳನ್ನು ಹುಬ್ಬಳ್ಳಿಯಲ್ಲಿ ನಿನ್ನ ನಾಟಕಕ್ಕೆ ಕರೆದೊಯ್ದಿದ್ದೆ. ರಾಜ ಹೊರಟಾಗ ಅವಳು ಅತ್ತಳು. ಜನ ಕೂಗಿದರು, ರಾಜ ತಿರುಗಿ ಬಂದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು “ಚಲೋ ಆತು, ಬಂದ” ಅಂದಳು.

ವಾಸಂತಿಗೆ ನಿನ್ನ ಕಂಠವಿಲ್ಲ. ಗೆಳೆಯನ ಮಗಳೆಂದು ಸುಳ್ಳು ಬರೆಯಲಾರೆ. ಅವಳು ನಡುವೆ ನಿಲ್ಲಲೂ ಇಲ್ಲ, ದೀಪ ಹಿಡಿಯಲೂ ಇಲ್ಲ. ದೀಪವನ್ನು ನೆಲದ ಮೇಲಿಟ್ಟು, ಅದರ ಪಕ್ಕದಲ್ಲಿ ಕೂತು, ರಾಜನ ಬುತ್ತಿ ಕಟ್ಟುತ್ತ ಹಾಡಿದಳು. ಒಳಗೆ ಮಗು ಮಲಗಿದೆ, ಎದ್ದೀತು ಎನ್ನುವ ಹಾಗೆ ಸಣ್ಣ ದನಿಯಲ್ಲಿ. ಬುತ್ತಿಯ ಗಂಟು ಹಾಕುತ್ತಾಳೆ, ಸರಿಯಾಗಲಿಲ್ಲವೆಂದು ಬಿಚ್ಚುತ್ತಾಳೆ, ಮತ್ತೆ ಹಾಕುತ್ತಾಳೆ. ಗಂಟು ಸರಿಯಾಗಿಯೇ ಇತ್ತು. ಹಿಂದಿನ ಬೆಂಚಿನ ಐತನಿಗೂ ಅದು ಕಾಣುತ್ತಿತ್ತು. ಕೊನೆಯ ಸಾಲನ್ನು ಅವಳು ಪೂರ್ತಿ ಮಾಡಲಿಲ್ಲ. ಹಾಲಸಿದ್ದಪ್ಪ ಕೈಚಾಚಿದ. ಬುತ್ತಿ ಕೊಟ್ಟಳು. ಅವನು ಹೋದ. ಅವಳು ಬಾಗಿ ದೀಪದ ಕುಡಿ ತಗ್ಗಿಸಿದಳು, ಬೆಳಗಾಯಿತಲ್ಲ, ಎಣ್ಣೆ ಯಾಕೆ ದಂಡ ಎನ್ನುವ ಹಾಗೆ.

ಒನ್ಸ್ ಮೋರ್ ಕೂಗಲು ನಾನು ಬಾಯಿ ತೆರೆದಿದ್ದೆ. ಬೇರೆ ಯಾರೂ ಕೂಗದಿದ್ದರೂ ನಿನ್ನ ಹೆಸರಿನಲ್ಲಿ ನಾನೊಬ್ಬ ಕೂಗಬೇಕೆಂದು ಮನೆಯಿಂದ ಹೊರಡುವಾಗಲೇ ನಿಶ್ಚಯಿಸಿದ್ದೆ. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಹಾಲ್ ಅನ್ನುವ ಹಾಲ್ ಸುಮ್ಮನಿತ್ತು. ಮಾಡಿನ ಮೇಲಿನ ಮಳೆ ಮಾತ್ರ ಕೇಳುತ್ತಿತ್ತು. ಆಗ ನಮ್ಮ ಶಂಕ್ರಮ್ಮ, ನಾಲ್ಕು ಸಾಲಿಗೆ ಕೇಳುವಂತೆ, “ಹೋದನೇನೋ ಚನ್ನವೀರಾ ಅಂವಾ?” ಎಂದು ಕೇಳಿದಳು. ಹೋದ ಅಕ್ಕಾ, ಅಂದೆ. ಈಚೆಯಿಂದ ವಿನೋದಾ ನನ್ನ ತೋಳು ಹಿಡಿದು, “ತಿರುಗಿ ಬರಲ್ವಾ ಅಂಕಲ್?” ಅಂದಳು. ಕನ್ನಡದಲ್ಲೇ ಕೇಳಿದಳು, ಭೋಜ.

ಎಷ್ಟು ಸಲ ಈ ನಾಟಕ ನೋಡಿದ್ದೇನೆ. ಹೇಮಾಂಗದ ಹೋದದ್ದನ್ನು ಮೊನ್ನೆಯೇ ನೋಡಿದ್ದು. ನೀನು ಹಾಡುವಾಗ ಅವನು ಒಂದು ದಿನವೂ ನಿಜವಾಗಿ ಹೋಗಿರಲಿಲ್ಲ; ನಾವು ಕರೆದರೆ ಬರುತ್ತಿದ್ದ. ಈ ಸಲ ಒಂದೇ ಸಲ ಹೋದ. ಹಾಗೆ ಹೋಗುವುದನ್ನು ನಾನು ನನ್ನ ಮನೆಯಲ್ಲಿ ಕಂಡಿದ್ದೆ, ನಾಟಕದಲ್ಲಿ ಕಂಡಿರಲಿಲ್ಲ. ಪ್ರೊಫೆಸರು ಹೇಳಿದ ಆ ಎರಡನೆಯ ಸಂಗತಿಯ ಹೆಸರು ನನಗೆ ಈಗಲೂ ನೆನಪಾಗಿಲ್ಲ. ಆದರೆ ಅದು ನನ್ನ ಪಕ್ಕದ ಕುರ್ಚಿಗೆ ಬಂದು ಕೂತಿತ್ತು.

ಪರದೆ ಬಿದ್ದ ಮೇಲೆ ವರಾಂಡದಲ್ಲಿ ಗದ್ದಲವೋ ಗದ್ದಲ. ಕಿಟ್ಟಣ್ಣ ಒಂದೇ ಸಮನೆ, “ಎಂತ ಮಾರಾಯ್ರೆ ಇದ್, ಒನ್ಸ್ ಮೋರ್ ಹೇಳುಕೇ ಬಿಡ್ಲಿಲ್ಲ ಆ ಹೆಣ್ಣ್” ಎಂದು ಎಲ್ಲರಿಗೂ ದೂರು ಹೇಳುತ್ತ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಭೋಜರಾಜನದು ಭೋಜರಾಜನದೇ, ಇದು ಹಾಡೇ ಅಲ್ಲ ಎಂದವರೂ ಇದ್ದರು. ಅದನ್ನೂ ನಿನಗೆ ಮುಚ್ಚಿಡುವುದಿಲ್ಲ. ಶಂಕ್ರಮ್ಮ ಅಂಥವನೊಬ್ಬನಿಗೆ, “ನೀ ಎಂದಾರ ಬುತ್ತಿ ಕಟ್ಟೀಯೇನೋ? ಕಟ್ಟಿದವರಿಗೆ ಗೊತ್ತು, ಸುಮ್ಮನಿರು” ಅಂದಳು.

ನಾನು ಬಣ್ಣದ ಮನೆಗೆ ಹೋದೆ. ವಾಸಂತಿ ಅರ್ಧ ಬಣ್ಣ ಒರೆಸಿದ ಮುಖದಲ್ಲಿ ಶಾಲೆಯ ಬೆಂಚಿನ ಮೇಲೆ ಕೂತಿದ್ದಳು. ಸದಾನಂದ ಪಕ್ಕದಲ್ಲಿ ಸೋಡಾ ಬಾಟಲಿ ಹಿಡಿದು, ಯಾರಿಗೆ ಕೊಡಬೇಕೆಂದು ತಿಳಿಯದವನಂತೆ ನಿಂತಿದ್ದ.

“ಒಂದೂ ಬರ್ಲಿಲ್ಲ ಅಲ್ಲ ಮಾವ” ಅಂದಳು. “ಅಪ್ಪನಿಗೆ ಬರಿಬೇಡಿ. ಕೇಳಿದ್ರೆ ಮಳೆಗೆ ನಾಟಕ ನಿಂತಿತು ಅಂತ ಬರೀರಿ.”

ಅವಳೂ ನಿನ್ನ ಮನೆಯಲ್ಲೇ ಬೆಳೆದವಳಲ್ಲವೇ. ಊರೂರಿನಿಂದ ನೀನು ಬರೆಯುತ್ತಿದ್ದ ಕಾರ್ಡುಗಳಲ್ಲಿ ಇವತ್ತು ಎಷ್ಟು ಒನ್ಸ್ ಮೋರ್ ಬಂತೆಂಬುದನ್ನೇ ಓದಿಕೊಂಡು ಅಕ್ಷರ ಕಲಿತವಳು. ಇದು ಸಕ್ಸೆಸ್ಸಮ್ಮ, ಒಂದು ಥರದ ಸಪ್ರೀಮ್ ಸಕ್ಸೆಸ್ಸು ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಂಬಲಿಲ್ಲ. “ನೀವು ಹಾಗೇ ಹೇಳುದು. ಅಪ್ಪನ ಪಾತ್ರ ಹಾಳು ಮಾಡಿದೆ ನಾನು. ಹತ್ತನೇ ತಾರೀಕಿನ ನಾಟಕಕ್ಕೆ ಬೇರೆಯವರನ್ನ ಹುಡುಕಿ.” ಡಿಸೆಂಬರ್ ಹತ್ತಕ್ಕೆ, ಭಾನುವಾರ, ಅದೇ ಹಾಲ್‌ನಲ್ಲಿ ಎರಡನೆಯ ಪ್ರಯೋಗವಿದೆ. ಕಿಟ್ಟಣ್ಣ ಬಂದು ಬೇಡಿಕೊಂಡ, ಹಾಲಸಿದ್ದಪ್ಪ ಕಿರೀಟ ಕಂಕುಳಲ್ಲಿಟ್ಟುಕೊಂಡು ಬೇಡಿಕೊಂಡ. ಆಗುವುದಿಲ್ಲವೆಂದು ತಲೆಯಾಡಿಸಿದಳಷ್ಟೆ.

ಮಾತು ತಪ್ಪಿಸಲೆಂದು, ಆ ಗಂಟು ಬಿಚ್ಚಿ ಕಟ್ಟುವುದನ್ನು ಯಾರು ಹೇಳಿಕೊಟ್ಟರಮ್ಮ ಎಂದು ಕೇಳಿದೆ.

“ಯಾರೂ ಇಲ್ಲ. ಅಪ್ಪ ಕಂಪನಿಗೆ ಹೊರಡುವ ಬೆಳಿಗ್ಗೆ ಅಮ್ಮ ಹಾಗೇ ಮಾಡ್ತಿದ್ರು. ಬಸ್ಸು ತಪ್ಪಿದ್ರೆ ಒಂದು ದಿನ ಸಿಕ್ತದಲ್ಲ ಅಂತ.”

ನೀನು ಊರೂರಿನಲ್ಲಿ ರಾಣಿಯಾಗಿ ಇರುಳನ್ನು ನಿಲ್ಲು ಎನ್ನುತ್ತಿದ್ದಾಗ, ನಿನ್ನ ಅಡುಗೆಮನೆಯಲ್ಲೂ ಒಬ್ಬ ರಾಣಿಯಿದ್ದಳು. ನಿನಗೆ ಗೊತ್ತಿತ್ತೋ ಇಲ್ಲವೋ, ಸುಗುಣಮ್ಮನವರನ್ನೇ ಕೇಳಿ ನೋಡು. ಕೇಳಲು ನಿನ್ನ ಮನೆಯಲ್ಲಿ ಅವರಿನ್ನೂ ಇದ್ದಾರೆ, ಭೋಜ.

ಹತ್ತಕ್ಕೆ ಬಾ. ಸುಗುಣಮ್ಮನವರನ್ನೂ ಕರೆದುಕೊಂಡು ಬಾ. ನನ್ನ ಮಾತನ್ನು ಅವಳು ಒಪ್ಪುವುದಿಲ್ಲ, ಕಿಟ್ಟಣ್ಣನದನ್ನು ಒಪ್ಪುವುದಿಲ್ಲ. ಆ ಪಾತ್ರದ ವಿಷಯದಲ್ಲಿ ಅವಳು ಕಿವಿಗೊಡುವುದು ಒಬ್ಬನಿಗೆ, ಆ ಒಬ್ಬನೋ ಎರಡು ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದಾನೆ. ಅಂತೂ ನಿನ್ನೆ ಸಂಜೆ ವಾಸಂತಿ ಎರಡನೆಯ ಪ್ರಯೋಗಕ್ಕೆ ಒಪ್ಪಿಕೊಂಡಿದ್ದಾಳೆ. ಹೇಗೆ ಒಪ್ಪಿದಳೆಂಬುದು ಉದ್ದದ ಕಥೆ, ಈಗ ಬೇಡ. ಶಂಕ್ರಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ಮೂರನೆಯ ಸಲ ಕರೆದರೆ ಅದು ಒನ್ಸ್ ಮೋರ್ ಆಗಿರುವುದಿಲ್ಲ, ಯುದ್ಧವಾಗಿರುತ್ತದೆ.

ಬೆಂಚಿನ ಮೇಲೆ ನಿಂತು ನಿನಗಾಗಿ ಗಂಟಲು ಹರಿದುಕೊಂಡ,
ಚನ್ನವೀರಪ್ಪ

ತಾ.ಕ.: ಬರೆಯದೆ ಮುಗಿಸಬಾರದು. ನಿನ್ನ ಕಾರ್ಡು ಬಂದಿದೆ, ಹತ್ತನೆಯ ತಾರೀಕಿಗೆ ನೀನು ಬರುತ್ತೀಯಂತೆ ಎಂದು ನಿನ್ನೆ ವಾಸಂತಿಗೆ ಹೇಳಿಬಿಟ್ಟಿದ್ದೇನೆ. ಕಾರ್ಡು ತೋರಿಸಿ ಅಂದಳು. ಕನ್ನಡಕದ ಜೊತೆ ಎಲ್ಲೋ ಇಟ್ಟಿದ್ದೇನೆ ಅಂದೆ. ಅವಳು ಒಪ್ಪಿದ್ದು ಹಾಗೆ. ಇವತ್ತು ಬೆಳಿಗ್ಗೆ ಅವರ ಮನೆ ಕಡೆ ಹೋಗಿದ್ದೆ. ಬೀದಿ ಬದಿಯ ಕೋಣೆಯನ್ನು ಖಾಲಿ ಮಾಡಿ ತೊಳೆಯುತ್ತಿದ್ದಳು. ಬಾಯಿ ಮುಕ್ಕಳಿಸಲು ಅಪ್ಪನಿಗೆ ಬೆಳಗಾಗುತ್ತಲೇ ಬಿಸಿ ಉಪ್ಪುನೀರು ಬೇಕು, ಈಗಲೂ ಬೇಕಾ ಮಾವ, ಎಂದು ಕೇಳಿದಳು. ಬೇಕಂತೆ, ಬರೆದಿದ್ದಾನೆ ಅಂದೆ. ಇನ್ನು ನನ್ನ ಮಾನ ನಿನ್ನ ಕೈಯಲ್ಲಿದೆ. ಮಂಗಳೂರಿಗೆ ಬಂದು ಮದ್ರಾಸಿನ ಮೇಲ್ ರೈಲು ಹತ್ತು. ನನ್ನ ಪಕ್ಕದಲ್ಲಿ ಕೂತು ಪೂರ್ತಿ ನೋಡು. ಅವಳು ದೀಪದ ಕುಡಿ ತಗ್ಗಿಸಿದ ಮೇಲೆ ನೀನು ಬಾಯಿಬಿಟ್ಟು ಒನ್ಸ್ ಮೋರ್ ಅನ್ನು. ಅನ್ನಲಿಕ್ಕೆ ನಿನ್ನಿಂದಾದರೆ, ಅವಳು ಸೋತದ್ದು ನಿಜವೆಂದು ನಾನೂ ಒಪ್ಪುತ್ತೇನೆ.