ಬೆಂಚು ಮೊದಲಿನ ಜಾಗಕ್ಕೆ ಬರುವುದಿಲ್ಲ

ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವಿನ ನಮ್ಮ ರಸ್ತೆಯನ್ನು ನೋಡಿಕೊಳ್ಳಬೇಕಾದ ಹೆದ್ದಾರಿ ಅಧಿಕಾರಿಗಳಿಗೆ,

ಮಾನ್ಯರೇ,

ನೀವು ಹುಡುಕುತ್ತಿರುವ ಕಳ್ಳ ನಾನೇ. ನಮ್ಮೂರ ತಿರುವಿನಲ್ಲಿ, ಕಡಿದ ಗುಡ್ಡದ ಬುಡದಲ್ಲಿದ್ದ ಬಸ್ ಸ್ಟಾಪಿನ ತಗಡಿನ ಶೆಡ್ಡನ್ನೂ ಕಬ್ಬಿಣದ ಬೆಂಚನ್ನೂ ಕಿತ್ತು ಇನ್ನೂರು ಹೆಜ್ಜೆ ಆಚೆಯ ಬಯಲಿಗೆ ಸಾಗಿಸಿದವರಲ್ಲಿ ಮೊದಲಿಗ ನಾನು. ಏಳು ದಿನದೊಳಗೆ ಅವನ್ನು 'ಮಂಜೂರಾದ ಮೂಲ ಸ್ಥಳದಲ್ಲಿ' ಮರುಸ್ಥಾಪಿಸಬೇಕೆಂದು ನಿಮ್ಮ ನೋಟಿಸು ಹೇಳುತ್ತದೆ. ಆ ಮೂಲ ಸ್ಥಳದಲ್ಲಿ ಈಗ ಎತ್ತಿನಷ್ಟು ಎತ್ತರದ ಕೆಂಪು ಬಂಡೆಯೊಂದು ಕೂತಿದೆ. ಅದು ಯಾರ ಮಂಜೂರಾತಿ ಪಡೆದು ಬಂತು? ಅದಕ್ಕೂ ನೋಟಿಸು ಕೊಟ್ಟಿದ್ದೀರಾ?

ರಸ್ತೆ ಅಗಲ ಮಾಡುವಾಗ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದು ಹೋದಿರಿ. ಮೇಲೆ ಕೆಂಪು ಕಲ್ಲು, ಕೆಳಗೆ ಉದುರುವ ಮುರುಮು ಮಣ್ಣು. ಮಳೆಗೆ ಕೆಳಗಿನದು ಕರಗುತ್ತದೆ, ಮೇಲಿನದು ಜೋತುಬೀಳುತ್ತದೆ. ಇಷ್ಟು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಎರಡು ವರ್ಷದ ಹಿಂದೆ ಅರ್ಜಿ ಕೊಟ್ಟೆವು. ನೀವು ಕ್ರಮ ಕೈಗೊಳ್ಳಲಿಲ್ಲ ಎಂದರೆ ನನ್ನ ನಾಲಿಗೆ ಸೇದಿಹೋದೀತು. 'ಕಲ್ಲು ಬೀಳುವ ಸ್ಥಳ, ಎಚ್ಚರಿಕೆ' ಎಂಬ ಫಲಕವಂತೂ ಬಂತು. ನೆಟ್ಟದ್ದು ಬಸ್ ಸ್ಟಾಪಿಗೆ ಆತುಕೊಂಡೇ! ಅಲ್ಲಿ ಕೂತವರು ಎಚ್ಚರಿಕೆಯಿಂದ ಇರುವುದೆಂದರೆ ಹೇಗೆ? ಒಂದು ಕಣ್ಣು ಬಸ್ಸಿನ ಮೇಲೆ, ಇನ್ನೊಂದು ಗುಡ್ಡದ ಮೇಲೆ ಇಡಬೇಕೆ? ಕಚೇರಿಗೆ ಬಂದು ಕೇಳಿದಾಗ ನಿಮ್ಮ ಸಿಬ್ಬಂದಿಯೊಬ್ಬರು ಕುರ್ಚಿಯಿಂದ ಅಲುಗದೆ, "ಬೋರ್ಡ್ ಹಾಕೀವಲ್ರಿ ಅಜ್ಜಾರ, ಇನ್ನೇನ್ ಮಾಡಬೇಕ್ರಿ?" ಎಂದರು. ನಾನು ಚಪ್ಪಲಿ ಮೆಟ್ಟಿಕೊಂಡು ವಾಪಸಾದೆ.

ಆ ಗುಡ್ಡದ ಮೇಲೆ ಧೂಳಮ್ಮ ಎಂಬಾಕೆ ದಿನವೂ ಆಡು ಮೇಯಿಸುತ್ತಾಳೆ. ಈ ಮಳೆಗಾಲದ ಆರಂಭದಲ್ಲಿ ನನ್ನ ಕಿರಾಣಿ ಅಂಗಡಿಗೆ ಬಂದು ಸುಣ್ಣ ಕೇಳಿದಳು. "ಗುಡ್ಡಕ್ಕ ಮೆತ್ತಬೇಕ್ರಿ" ಎಂದಳು. ನಾನು ನಕ್ಕೆ. ಗುಡ್ಡದ ಮದುವೆಯೇನವ್ವ, ಸುಣ್ಣ ಬಳಿಯುವುದಕ್ಕೆ ಎಂದು ಹಂಗಿಸಿದೆ. ಆಕೆ ನಗಲಿಲ್ಲ.

"ಮನಿ ಗ್ವಾಡಿ ಬಿರಿತಂದ್ರ ಮ್ಯಾಲ ಸುಣ್ಣ ಮೆತ್ತಿ ನೋಡ್ತೀವಲ್ರಿ ಸಾವ್ಕಾರ್ರ? ಸುಣ್ಣ ಸೀಳಿತಂದ್ರ ಗ್ವಾಡಿ ಇನ್ನಾ ಜರಗಾಕತ್ತದ ಅಂತ. ಮ್ಯಾಲ ಬಿರುಕ ಬಿಟ್ಟದ್ರಿ. ಗುಡ್ಡ ನಿಂತದೋ ಜರಗಾಕತ್ತದೋ ನೋಡಬೇಕು."

ಮೂರು ಸಲ ಬಿರುಕಿನ ಮೇಲೆ ಅಡ್ಡಲಾಗಿ ಸುಣ್ಣ ಮೆತ್ತಿದಳು. ಮೂರು ಸಲವೂ ಅದು ಸೀಳಿತು. ಮೂರನೆಯ ಸಲ ಆಕೆ ನನ್ನ ಕೈ ಹಿಡಿದು ಮೇಲೆ ಹತ್ತಿಸಿದಳು. ಬಿರುಕಿನೊಳಗೆ ನನ್ನ ಹೆಬ್ಬೆರಳು ಇಳಿಯಿತು. ಬಗ್ಗಿ ಕೆಳಗೆ ನೋಡಿದರೆ ನೇರ ಕೆಳಗೇ ಬಸ್ ಸ್ಟಾಪಿನ ತಗಡು. ದಿನಾ ಬೆಳಿಗ್ಗೆ ನನ್ನ ಮೊಮ್ಮಗಳು ಶೀತಲ್ ಕಾಲೇಜಿನ ಬಸ್ಸಿಗೆ ಕಾಯುವುದು ಆ ತಗಡಿನ ಕೆಳಗೆ. ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಆ ವಾರದ ಭಾನುವಾರವೇ ನಮ್ಮೂರ ಅವಿನಾಶನ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಶೆಡ್ಡು, ಬೆಂಚು ಎರಡನ್ನೂ ಹೇರಿ ಬಯಲಿಗೆ ತಂದೆವು. ಡ್ರೈವರುಗಳು ಗೊಣಗದೆ ಅಲ್ಲೇ ಬಸ್ ನಿಲ್ಲಿಸತೊಡಗಿದರು. ಬುಧವಾರ ಬೆಳಿಗ್ಗೆ ಏಳು ನಲವತ್ತಕ್ಕೆ ಗುಡ್ಡ ಜಾರಿತು. ಮೈಯೆಲ್ಲ ಕೆಂಪು ಧೂಳಾಗಿ ಅಂಗಡಿಗೆ ಓಡಿಬಂದ ಶೀತಲ್, "ಮುತ್ಯಾ, ನಾವು ಅಲ್ಲೇ ಕುಂದರ್ತಿದ್ವಿ" ಎಂದಳು. ನಾನು ಅಂಗಡಿಯ ಬಾಗಿಲಲ್ಲೇ ಅತ್ತೆ.

ನಿಮ್ಮ ನೋಟಿಸಿನ ತಾರೀಖು ನೋಡಿದ್ದೀರಾ? ಶುಕ್ರವಾರ, ಅಂದರೆ ಬಂಡೆ ಬಿದ್ದ ಎರಡು ದಿನಕ್ಕೆ. ಅದನ್ನು ತಂದವರು ಆಡು ಮೇಯ್ದು ಗುಡ್ಡ ಸಡಿಲಾಯಿತೆಂದು ಧೂಳಮ್ಮನನ್ನು ಗದರಿಸಿಯೂ ಹೋದರು. ನಿಮ್ಮ ಯಂತ್ರಗಳು ಅರ್ಧ ಗುಡ್ಡ ತಿಂದದ್ದು ಲೆಕ್ಕಕ್ಕಿಲ್ಲ, ಹದಿನೆಂಟು ಆಡು ಹುಲ್ಲು ತಿಂದದ್ದು ಅಪರಾಧ!

ಆಕೆ ಈಗ ಇನ್ನೊಂದು ಬಿರುಕಿಗೆ ಸುಣ್ಣ ಮೆತ್ತಿದ್ದಾಳೆ. ನಿನ್ನೆ ಅದೂ ಸೀಳಿದೆ. ಅದರ ಕೆಳಗೆ ಬೆಂಚಿಲ್ಲ, ನಿಮ್ಮ ಹೆದ್ದಾರಿಯೇ ಇದೆ. ಅದನ್ನು ಟ್ರ್ಯಾಕ್ಟರಿನಲ್ಲಿ ಹೇರಿ ಸರಿಸಲು ನಮಗಾಗದು. ಆದ್ದರಿಂದ ಗುಡ್ಡದ ಬದಿಯ ಅರ್ಧ ರಸ್ತೆಯನ್ನು ಇಂದೇ ಮುಚ್ಚಿ. ಜೋತಾಡುವ ಕಲ್ಲುಗಳನ್ನು ಕೆಳಗಿಳಿಸಿ. ಮಳೆನೀರು ಬಿರುಕಿಗಿಳಿಯದಂತೆ ಮೇಲೆ ಕಾಲುವೆ ತೆಗೆಸಿ, ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ ತಂತಿಬಲೆ ಬಿಗಿಸಿ. ಇನ್ನೊಂದು ಫಲಕ ಮಾತ್ರ ತರಬೇಡಿ.

ಬರುವ ಶುಕ್ರವಾರಕ್ಕೆ ನಿಮ್ಮ ಗಡುವು ಮುಗಿಯುತ್ತದೆ. ಬೆಂಚು ಈಗಿರುವಲ್ಲೇ ಇರುತ್ತದೆ. ಬೇಕಾದರೆ ಅಂದು ಬೆಳಿಗ್ಗೆ ಏಳು ನಲವತ್ತಕ್ಕೆ ನೀವೇ ಬನ್ನಿ. ಶೀತಲ್ ಮತ್ತು ಅವಳ ಗೆಳತಿಯರು ಅದರ ಮೇಲೆ ಕೂತಿರುತ್ತಾರೆ. ಏಳಿ, ಆ ಬಂಡೆಯ ಪಕ್ಕ ಹೋಗಿ ನಿಲ್ಲಿ ಎಂದು ಅವರಿಗೆ ಹೇಳಿ. ನನ್ನ ಬಾಯಿಂದ ಆ ಮಾತು ಬರುವುದಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ಆರೋಪಿ, ಊರಿನಲ್ಲಿ ಕಿರಾಣಿ ಅಂಗಡಿಯವ,
ಧೂಳಮ್ಮನ ಸುಣ್ಣಕ್ಕೆ ಎಲ್ಲರಿಗಿಂತ ಮೊದಲು ನಕ್ಕವ,
ಮಹಾರುದ್ರಪ್ಪ