ಬೇರಿಲ್ಲದ ಜಡೆಗೆ ಮೂರು ಪೊಟ್ಟಣ ತೇವಾಂಶ

ಶಾಂಪೂ ಪೊಟ್ಟಣದ ಮೇಲೆ ಯಾವ ಮಾತನ್ನು ಎಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬಹುದೆಂದು ಅಪ್ಪಣೆ ಕೊಡುವ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಅಪ್ಪಣೆ ಪಡೆದು ಅಂಗಡಿಗೆ ಬಂದ ಒಂದು ಪೊಟ್ಟಣವನ್ನು ನಂಬಿ ನಾನು ನನ್ನ ಹೆಂಡತಿಯ ಕೂದಲನ್ನು ಹಾಳು ಮಾಡಿದೆ. ಹೆಂಡತಿ ತೀರಿಕೊಂಡು ಆರು ವರ್ಷವಾಗಿದೆ. ಈ ಎರಡು ವಾಕ್ಯ ಓದಿದ ಕೂಡಲೇ ಮುದುಕನಿಗೆ ತಲೆ ಕೆಟ್ಟಿದೆ ಎಂದು ನಿಮಗೆ ಅನ್ನಿಸಬಹುದು. ನಿಮ್ಮದೇ ಇಲಾಖೆಯ ಒಬ್ಬರು ಈಗಾಗಲೇ ಹಾಗೆ ಅಂದುಕೊಂಡಾಗಿದೆ, ಆ ಕಥೆ ಮುಂದೆ ಬರುತ್ತದೆ. ದಯವಿಟ್ಟು ಪೂರ್ತಿ ಓದಿ. ನಿಮ್ಮ ಪೊಟ್ಟಣಗಳ ಹಿಂಬದಿಯದಕ್ಕಿಂತ ಈ ಪತ್ರದ ಅಕ್ಷರ ದೊಡ್ಡದಾಗಿದೆ.

ನಾನು ಕೊಳ್ಳೇಗಾಲದವನು. ಮಗ್ಗದ ಮನೆಗಳಿಗೆ ರೇಷ್ಮೆ ನೂಲು ಬೇಯಿಸಿ ಬಣ್ಣ ಹಾಕಿ ಕೊಡುವುದು ನನ್ನ ಕಸುಬು. ರೇಷ್ಮೆ ಎಳೆಯ ಮೇಲೆ ಹುಳು ಸುರಿಸಿದ ಒಂದು ಅಂಟು ಇರುತ್ತದೆ. ಸೋಪು, ಸೋಡಾ ಹಾಕಿದ ಬಿಸಿನೀರಿನಲ್ಲಿ ಅದನ್ನು ಬಿಡಿಸಬೇಕು. ಸೋಡಾ ಕಡಿಮೆಯಾದರೆ ನೂಲು ಒರಟು, ಹೆಚ್ಚಾದರೆ ಹೊಳಪು ಸತ್ತು ಹುಲ್ಲಾಗುತ್ತದೆ. ನಲವತ್ತು ವರ್ಷದಲ್ಲಿ ನಾನು ಒಂದು ಕಂತೆಯನ್ನೂ ಕೆಡಿಸಿದವನಲ್ಲ ಎಂದು ಊರಲ್ಲಿ ಯಾರನ್ನಾದರೂ ಕೇಳಿ ತಿಳಿದುಕೊಳ್ಳಬಹುದು. ಈ ಜಂಬದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅದೇ ನನ್ನ ಕೆನ್ನೆಗೆ ಬಾರಿಸುತ್ತದೆ.

ನನ್ನ ಹೆಂಡತಿ ಸುವರ್ಣಮ್ಮ ಕಾಡಂಚಿನ ಹೂಗ್ಯಂ ಕಡೆಯ ಹೆಣ್ಣು. ಕುಳಿತರೆ ನೆಲ ಮುಟ್ಟುವಷ್ಟು ಕೂದಲು. ತಲೆ ಬಾಚಿದಾಗ ಬಾಚಣಿಗೆಗೆ ಬಂದ ಕೂದಲನ್ನು ಅವಳು ಎಸೆಯುತ್ತಿರಲಿಲ್ಲ. ಬೆರಳಿಗೆ ಸುತ್ತಿ, ಉಂಡೆ ಮಾಡಿ, ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ನಮ್ಮ ಕಡೆ ಹೆಂಗಸರು ಹಾಗೆ ಕೂಡಿಟ್ಟು, ಬೀದಿಯಲ್ಲಿ ಕೂಗಿಕೊಂಡು ಬರುವವನಿಗೆ ಕೊಟ್ಟು ಪಾತ್ರೆ ತೆಗೆದುಕೊಳ್ಳುತ್ತಾರೆ. ಇವಳು ಕೊಡಲಿಲ್ಲ. "ನಿನ್ ಪಾತ್ರೆ ಯಾರ್ಗ್ ಬೇಕು, ಓಗಪ್ಪ. ನನ್ ಮಗ್ಳು ಧಾರೆಗೆ ಕೂರಾಗ ಇದ್ರಲ್ಲೇ ಚೌರಿ ಕಟ್ಟುಸ್ತೀನಿ" ಅನ್ನುತ್ತಿದ್ದಳು. ಚೌರಿ ಎಂದರೆ ಜಡೆ ಉದ್ದವಾಗಲೆಂದು ಸೇರಿಸಿ ಹೆಣೆಯುವ ಕೂದಲ ಕಟ್ಟು. ನಮ್ಮ ಒಬ್ಬಳೇ ಮಗಳು ಆಶಾರಾಣಿಗೆ ಅಮ್ಮನ ಮುಖ ಬಂದಿದೆ, ಕೂದಲು ಮಾತ್ರ ನನ್ನ ಕಡೆಯದು, ಭುಜ ದಾಟುವುದಿಲ್ಲ.

ಹದಿನೇಳು ವರ್ಷ ಕೂಡಿಟ್ಟಳು ಮಾನ್ಯರೇ. ಆಮೇಲೆ ಕಾಮಾಲೆ ಬಂತು, ಇಪ್ಪತ್ತು ದಿನದಲ್ಲಿ ಹೋಗಿಬಿಟ್ಟಳು. ಮೈಲಿಗೆಯೆಲ್ಲ ಕಳೆದ ಮೇಲೆ ಡಬ್ಬಿ ತೆಗೆದು ನೋಡಿದರೆ ತಳದ ಉಂಡೆಗಳು ಕಡುಕಪ್ಪು, ಮೇಲಿನವುಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಎಳೆ. ಮುಚ್ಚಳ ತೆಗೆದರೆ ಕೊಬ್ಬರಿ ಎಣ್ಣೆ ಮತ್ತು ಸೀಗೆಕಾಯಿ ವಾಸನೆ. ಮಗಳು ಆ ವಾಸನೆಗಾಗಿಯೇ ವಾರಕ್ಕೊಮ್ಮೆ ಡಬ್ಬಿ ತೆಗೆಯುತ್ತಿದ್ದಳು. ನಾನೂ ತೆಗೆಯುತ್ತಿದ್ದೆ, ಅವಳು ಮನೆಯಲ್ಲಿ ಇಲ್ಲದಾಗ.

ಕಳೆದ ವರ್ಷ ಮಗಳಿಗೆ ಯಳಂದೂರಿನ ಕಡೆ ಸಂಬಂಧ ಕುದುರಿತು. ಚೌರಿ ಕಟ್ಟುವ ಗೋವಿಂದಮ್ಮನವರನ್ನು ಮನೆಗೆ ಕರೆಸಿದೆ. ಆಕೆ ಮೂರು ದಿನ ನಮ್ಮ ಜಗಲಿಯಲ್ಲಿ ಕುಳಿತು ಒಂದೊಂದೇ ಉಂಡೆ ಬಿಡಿಸಿ, ಎಳೆ ನೇವರಿಸಿ, ಮೊಳಕಾಲುದ್ದದ ಚೌರಿ ಕಟ್ಟಿಕೊಟ್ಟರು. ಹೋಗುವಾಗ ಒಂದು ಮಾತು ಹೇಳಿದರು: "ಯಜಮಾನ್ರೆ, ಇದು ಬಾಚಣ್ಗೆಗೆ ಬಂದ ಕೂದ್ಲು. ಬುಡ ಯಾವ್ದು, ತುದಿ ಯಾವ್ದು, ಎಲ್ಲಾ ಕಲ್ಸೋಗದೆ. ಎಣ್ಣೆ ಸವ್ರಿ ಮಡ್ಗಿ. ಸಾಮಾನ್ಯಕ್ಕೆ ನೀರ್ ಸೋಕುಸ್ಬೇಡಿ." ಆಗಲಿ ತಾಯಿ ಎಂದೆ. ನೂಲು ತೊಳೆಯುವವನಿಗೇ ನೀರಿನ ಪಾಠವೇ ಎಂದು ಒಳಗೊಳಗೇ ನಕ್ಕಿದ್ದೂ ನಿಜ.

ಮದುವೆಗೆ ಹತ್ತು ದಿನವಿರುವಾಗ ಹನೂರಿನಿಂದ ನನ್ನ ಅಕ್ಕ ಪುಟ್ಟಬಸಮ್ಮ ಬಂದಳು. ಚೌರಿ ನೋಡಿ ಎದೆ ಹಿಡಿದುಕೊಂಡಳು. "ಲೇ ಪುಟ್ಟಮಾದ, ಸತ್ತೋಳ ಕೂದ್ಲ ಮಗೀನ ತಲೆಗೆ ಕಟ್ಬುಟ್ಟು ಅಸೆಮಣೆ ಮ್ಯಾಲೆ ಕೂರುಸ್ತೀಯಾ? ಗಂಡಿನ್ ಕಡೇರ್ಗೆ ಗೊತ್ತಾದ್ರೆ ಏನಂದಾರು ಕಣ್ಲಾ?" ಎಂದಳು. ಆಶಾರಾಣಿಯೇ ಅಂದಳು: "ಅತ್ತೆ, ಇದೆಲ್ಲಾ ಅವ್ವ ಬದುಕಿದ್ದಾಗ ಉದುರಿದ್ ಕೂದ್ಲು. ಇದ್ರಲ್ಲಿ ಸತ್ತಿರೋದು ಒಂದೂ ಇಲ್ಲ." ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ "ಆಯ್ತು ಬುಡು. ಅಂಗಾರೆ ಒಂದ್ಸಲ ತಲೆಗ್ ನೀರ್ ಆಕ್ದಂಗೆ ಆಕಿ ಮಡಿ ಮಾಡ್ಕೊಡಿ, ನಾನೇ ನಿಂತ್ಕಂಡು ಎಣೀತೀನಿ" ಎಂದಳು.

ಮಡಿ ಮಾಡುವ ಕೆಲಸ ನನಗೆ ಬಿತ್ತು. ಸೀಗೆಕಾಯಿ ಮನೆಯಲ್ಲಿರಲಿಲ್ಲ. ಸುವರ್ಣಮ್ಮ ಇದ್ದಾಗ ವರ್ಷಕ್ಕೊಂದು ಸಲ ತವರಿನಿಂದ ಚೀಲದಲ್ಲಿ ತರುತ್ತಿದ್ದಳು, ಅವಳ ಹಿಂದೆಯೇ ಅದೂ ನಿಂತುಹೋಯಿತು. ಬೀದಿ ಕೊನೆಯ ಅಂಗಡಿಗೆ ಹೋದೆ. ಬಾಗಿಲಿಗೆ ತೋರಣದ ಹಾಗೆ ಶಾಂಪೂ ಪೊಟ್ಟಣಗಳ ಸರ. ಒಂದರ ಮೇಲೆ ದಪ್ಪ ಕನ್ನಡದಲ್ಲಿ ಅಚ್ಚಾಗಿತ್ತು: "ಒಣಗಿದ ಕೂದಲಿಗೆ ಆಳವಾದ ತೇವಾಂಶ. ಮರಳಿ ಜೀವಕಳೆ." ಮಾನ್ಯರೇ, ಹೆಂಡತಿ ಇಲ್ಲದವನ ಕಣ್ಣಿಗೆ "ಮರಳಿ ಜೀವ" ಎಂಬ ಮಾತು ಬಿದ್ದರೆ ಏನಾಗುತ್ತದೆ ಎಂದು ಅಪ್ಪಣೆ ಕೊಡುವಾಗ ಯೋಚಿಸಿದ್ದಿರಾ? ಮೂರು ಪೊಟ್ಟಣ ಕಿತ್ತುಕೊಂಡು ಬಂದೆ.

ಮಗಳು ಊರಲ್ಲಿ ಮದುವೆಗೆ ಕರೆಯಲು ಹೋಗಿದ್ದಳು. ಬರುವಷ್ಟರಲ್ಲಿ ಮಾಡಿಟ್ಟರೆ ಹಿಗ್ಗುತ್ತಾಳೆ ಎಂದು ನನ್ನ ಆಸೆ. ನೂಲಿಗೆ ಕಾಯಿಸುವ ಹಾಗೆ ನೀರು ಕಾಯಿಸಿದೆ. ಒಂದು ಪೊಟ್ಟಣಕ್ಕೆ ನೊರೆ ಚೆನ್ನಾಗಿ ಬಂತು. ನೊರೆ ಹೆಚ್ಚಾದಷ್ಟೂ ತೇವಾಂಶ ಹೆಚ್ಚು ಎಂದುಕೊಂಡು ಎರಡನೆಯದು, ಮೂರನೆಯದೂ ಹಾಕಿದೆ. ನೂಲಾಗಿದ್ದರೆ ಮೊದಲು ಸೋಡಾ ಅಳೆದು, ಒಂದು ಎಳೆ ಅದ್ದಿ, ಬೆರಳಲ್ಲಿ ಹೊಸೆದು ನೋಡುತ್ತಿದ್ದೆ. ಇದಕ್ಕೆ ಅದ್ಯಾವುದನ್ನೂ ಮಾಡಲಿಲ್ಲ. ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ, ಸರ್ಕಾರ ಒಪ್ಪಿದೆ, ಇನ್ನೇನು ನೋಡುವುದು? ಉಜ್ಜಿದೆ, ಹಿಂಡಿದೆ, ಬಿಸಿಲಿಗೆ ಹಾಕಿದೆ.

ಒದ್ದೆಯಿದ್ದಾಗಲೇ ಗಂಟು ಕಾಣಿಸಿತು. ಒಣಗಿದ ಮೇಲೆ ಬಾಚಣಿಗೆ ಎರಡು ಬೆರಳಗಲವೂ ಇಳಿಯಲಿಲ್ಲ. ಎಣ್ಣೆ ಹಚ್ಚಿದೆ, ಸೂಜಿ ಹಿಡಿದು ಬಿಡಿಸಿದೆ, ಒಂದು ಎಳೆ ಬಿಡಿಸಿದರೆ ನಾಲ್ಕು ತುಂಡಾದವು. ಸಂಜೆ ಹೊತ್ತಿಗೆ ನನ್ನ ಕೈಯಲ್ಲಿದ್ದದ್ದು ಪಾತ್ರೆ ತಿಕ್ಕುವ ತೆಂಗಿನ ನಾರಿನಂಥ ಒಂದು ಮುದ್ದೆ. ಮೂಗಿಗೆ ಹಿಡಿದು ನೋಡಿದೆ. ಯಾವುದೋ ಹಣ್ಣಿನ ವಾಸನೆ. ನನ್ನ ಸುವರ್ಣಮ್ಮನ ವಾಸನೆ ಇರಲಿಲ್ಲ. ಅಯ್ಯೋ, ಆರು ವರ್ಷದ ಹಿಂದೆ ಮಣ್ಣು ಮಾಡಿ ಬಂದ ದಿನ ನಾನು ಅತ್ತಿರಲಿಲ್ಲ, ಮಗಳು ಹೆದರುತ್ತಾಳೆಂದು ಬಿಗಿಹಿಡಿದಿದ್ದೆ. ಅವತ್ತು ಬಚ್ಚಲ ಮನೆಯ ಬಾಗಿಲು ಹಾಕಿಕೊಂಡು ಅತ್ತೆ.

ಆಶಾರಾಣಿ ಬಂದು ನೋಡಿದಳು. ಬಯ್ಯಲಿಲ್ಲ. "ಯಾಕಪ್ಪ ಒಬ್ನೇ ಮಾಡಾಕ್ ಓದೆ, ನಾನ್ ಬರ್ತಿದ್ದೆ ಅಲ್ವಾ" ಅಂದಳು, ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅವಳ ಜೊತೆ ಓದಿದ ಭವ್ಯ ಯಳಂದೂರಿನಲ್ಲಿ ವಿಜ್ಞಾನದ ಮೇಡಂ. ಮದುವೆ ಕೆಲಸಕ್ಕೆಂದು ಬಂದವಳು ಖಾಲಿ ಪೊಟ್ಟಣ ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಇರುವೆ ಸಾಲಿನಂತೆ ಇಂಗ್ಲಿಷು, ಅವಳ ಎಳೆಗಣ್ಣಿಗೂ ಹತ್ತಲಿಲ್ಲ. ನಾನು ಬಟ್ಟೆಯ ಎಳೆ ಎಣಿಸುವ ಭೂತಗನ್ನಡಿ ತಂದುಕೊಟ್ಟೆ. ಅವಳು ಓದಿ ಓದಿ ಹೇಳಿದಳು. ಯಾವುದು ಹೆಚ್ಚಿದೆಯೋ ಅದರ ಹೆಸರು ಮೊದಲು ಬರುತ್ತದಂತೆ. ಮೊದಲು ನೀರು. ಎರಡನೆಯದು ಸೋಡಿಯಂ ಲಾರೆತ್ ಸಲ್ಫೇಟ್, ಅಂದರೆ ಜಿಡ್ಡನ್ನು ಎಳೆದು ಹಾಕುವ ಮಾರ್ಜಕ. ಆಮೇಲೆ ಅದು ಮಂದವಾಗಿ ಕಾಣಲೆಂದು ಉಪ್ಪು. ಆಮೇಲೆ ಡೈಮೆಥಿಕೋನ್ ಎಂಬ ಲೇಪ, ಕೂದಲಿನ ಮೇಲೆ ತೆಳ್ಳಗೆ ಕೂತು ಕೈಗೆ ನುಣುಪೆನಿಸುವಂತೆ ಮಾಡುತ್ತದೆ. ನೀರನ್ನು ಹಿಡಿದಿಡುವ ಗ್ಲಿಸರಿನ್ ಸುವಾಸನೆಗೂ ಹಿಂದೆ, ಸಾಲಿನ ಬಾಲದಲ್ಲಿತ್ತು. ಮುಂಬದಿಯಲ್ಲಿ ಆನೆಯಷ್ಟಿದ್ದ ತೇವಾಂಶ ಹಿಂಬದಿಯಲ್ಲಿ ಇಷ್ಟೇ.

"ಅಂಕಲ್, ಇದು ವಿಷ ಅಲ್ಲ" ಎಂದಳು ಭವ್ಯ, ನನ್ನ ಮುಖ ನೋಡಿ. "ಕೂದಲಿನ ಮೈಮೇಲೆ ಮೀನಿನ ಹುರುಪೆ ಥರ ಪದರ ಇರುತ್ತೆ. ಅದರ ಒಳಗಡೆ ತೇವ ಇರುತ್ತೆ, ಮೇಲಿರೋ ಎಣ್ಣೆ ಅದನ್ನ ಕಾಯುತ್ತೆ. ಬದುಕಿರೋ ತಲೆಯಲ್ಲಿ ಶಾಂಪೂ ಎಣ್ಣೆ ತೆಗೆದರೂ ಎರಡು ದಿನಕ್ಕೆ ನೆತ್ತಿಯಿಂದ ಮತ್ತೆ ಬರುತ್ತೆ. ಇದಕ್ಕೆ ಎಲ್ಲಿಂದ ಬರಬೇಕು?" ಬುಡ ತುದಿ ಕಲೆತ ಕೂದಲಲ್ಲಿ ಆ ಹುರುಪೆಗಳು ಎದುರುಬದುರಾಗಿ ನಿಂತು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆಯಂತೆ. ಹದಿನೇಳು ವರ್ಷದ ಕೊಬ್ಬರಿ ಎಣ್ಣೆಯೇ ಅವುಗಳನ್ನು ಜಗಳವಾಡದಂತೆ ಇಟ್ಟಿತ್ತು. ಆ ಎಣ್ಣೆಯನ್ನು ನಾನು ಒಂದೇ ಬೆಳಗಿನಲ್ಲಿ ತೊಳೆದುಬಿಟ್ಟೆ. ಹುಳು ಸುರಿಸಿದ ಅಂಟನ್ನು ಎಲ್ಲಿಯವರೆಗೆ ತೆಗೆಯಬೇಕೆಂದು ಬಲ್ಲ ನನಗೆ ಇದು ಹೊಳೆಯಬೇಡವೆ?

ಅರ್ಧ ತಪ್ಪು ನನ್ನದು, ಒಪ್ಪಿಕೊಂಡೆ. ಗೋವಿಂದಮ್ಮ ಹೇಳಿದ್ದನ್ನು ಕೇಳಲಿಲ್ಲ, ನೀರು ಸುಡುಸುಡು ಇತ್ತು, ಉಜ್ಜಬಾರದ್ದನ್ನು ಉಜ್ಜಿದೆ. ಇನ್ನರ್ಧ ಯಾರದು ಸ್ವಾಮಿ? ಆಸೆ ಹುಟ್ಟಿಸುವ ಮಾತು ಕನ್ನಡದಲ್ಲಿ, ಒಳಗಿನ ಅಸಲು ಮಾತ್ರ ಇಂಗ್ಲಿಷಿನಲ್ಲಿ ಏಕೆ? ಕೊಳ್ಳುವಾಗ ನಾನು ಕನ್ನಡಿಗ, ಕೊಂಡ ಮೇಲೆ ರಸಾಯನಶಾಸ್ತ್ರದ ಪಂಡಿತನೆ? ಎರಡನೆಯ ಹೆಸರಿನ ಪಕ್ಕ "ಇದು ಜಿಡ್ಡು ತೆಗೆಯುತ್ತದೆ" ಎಂದು ಮೂರು ಪದ ಕನ್ನಡದಲ್ಲಿದ್ದಿದ್ದರೆ ಸಾಕಾಗಿತ್ತು. ಜಿಡ್ಡು ತೆಗೆಯುವುದೆಂದರೇನು ಎಂದು ನನಗಿಂತ ಚೆನ್ನಾಗಿ ಬಲ್ಲವರು ಈ ತಾಲ್ಲೂಕಿನಲ್ಲಿ ಎಷ್ಟು ಜನ ಇದ್ದಾರೆ? ಆ ಮೂರು ಪದಕ್ಕೆ ಜಾಗವಿರಲಿಲ್ಲ, ನಗುವ ಹುಡುಗಿಯ ಚಿತ್ರಕ್ಕೆ ಇತ್ತು.

ಮದುವೆ ಕಳೆದ ಮೇಲೆ ದೂರು ಕೊಡಲು ನಿಮ್ಮ ಇಲಾಖೆಯ ಒಂದು ಕಚೇರಿಗೆ ಹೋದೆ. ಬೆಳಿಗ್ಗೆ ಹೋದವನನ್ನು ಊಟದ ಹೊತ್ತು ಮುಗಿಯುವ ತನಕ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಒಂದು ಅರ್ಜಿ ಕೊಟ್ಟರು. "ತೊಂದರೆಗೊಳಗಾದ ವ್ಯಕ್ತಿಯ ಹೆಸರು" ಎಂದಿತ್ತು, ಸುವರ್ಣಮ್ಮ ಎಂದು ಬರೆದೆ. "ವಯಸ್ಸು" ಎಂದಿತ್ತು, ತೀರಿಕೊಂಡು ಆರು ವರ್ಷ ಎಂದು ಬರೆದೆ. ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಗುಮಾಸ್ತರು ಓದಿ, ಪಕ್ಕದವರಿಗೂ ತೋರಿಸಿ, "ಯಜಮಾನ್ರೆ, ಸತ್ತೋರ್ ಕೂದ್ಲಿಗೆ ಶಾಂಪೂ ಆಕಿ ಇಲ್ಲಿಗ್ ಬಂದಿದ್ದೀರಲ್ಲ, ನಾವೇನ್ ಮಾಡಾನ ಏಳಿ? ಮನೆಗ್ ಓಗಿ ರೆಸ್ಟ್ ತಕಳಿ" ಎಂದರು. ಕೋಪ ಬರಲಿಲ್ಲ. ಅವರ ಮೇಜಿನ ಮೇಲೂ ಅಂಥದೇ ಒಂದು ಪೊಟ್ಟಣ ಕಾಣಿಸಿತು, ಹಿಂಬದಿ ಓದಿ ಹೇಳಿ ಸಾ ಎಂದೆ. ಅವರು ಕನ್ನಡಕ ಮೇಲೆತ್ತಿದರು, ಕೆಳಗಿಳಿಸಿದರು, ಕಿಟಕಿಯ ಬೆಳಕಿಗೆ ಹಿಡಿದರು. ಕೊನೆಗೆ ಕೆಲಸವಿದೆ ಎಂದು ಎದ್ದುಹೋದರು.

ಈಗ ನಮ್ಮ ಬೀದಿಯ ಹೆಂಗಸರು ನನ್ನ ಹತ್ತಿರ ಪೊಟ್ಟಣ ತರುತ್ತಾರೆ. ಭವ್ಯ ನನಗೆ ನಾಲ್ಕು ಹೆಸರು ಗುರುತಿಸಲು ಕಲಿಸಿದ್ದಾಳೆ: ಎಳೆಯುವುದು, ಮಂದ ಮಾಡುವುದು, ಲೇಪಿಸುವುದು, ನೀರು ಹಿಡಿಯುವುದು. ಭೂತಗನ್ನಡಿ ಹಿಡಿದು, ಯಾವುದು ಯಾವುದರ ಹಿಂದೆ ಇದೆ ಎಂದು ನೋಡಿ, ಎಣ್ಣೆತಲೆಯವರಿಗೆ ಇದು ನಡೆಯುತ್ತದೆ ತಾಯಿ, ನಿಮ್ಮದು ಮೊದಲೇ ಒಣಕೂದಲು, ದಿನಾ ಹಾಕಬೇಡಿ ಎಂದು ಹೇಳಿ ಕಳಿಸುತ್ತೇನೆ. ಈ ಕೆಲಸಕ್ಕೆ ಸಂಬಳ ಬರುವುದು ನಿಮಗೆ.

ಮದುವೆ ಏನಾಯಿತು ಎಂದು ನೀವು ಕೇಳುವವರಲ್ಲ, ನಾನೇ ಹೇಳುತ್ತೇನೆ. ಪೇಟೆಯ ಚೌರಿ ತರುತ್ತೇನೆಂದರೆ ಮಗಳು ಒಪ್ಪಲಿಲ್ಲ. ಭುಜದುದ್ದದ ತನ್ನ ಕೂದಲಿಗೇ ಹೂ ಮುಡಿದು ಹಸೆಮಣೆಯ ಮೇಲೆ ಕುಳಿತಳು. ಯಾರೋ "ಯಾಕವ್ವ, ಜಡೆ ಇಷ್ಟೇನಾ?" ಎಂದರು. ಮುಖ ಬಗ್ಗಿಸಿ ನಕ್ಕಳು. ಕಳಿಸಿಕೊಡುವ ಹೊತ್ತಿಗೆ ತಾಯಿ ಕಟ್ಟಬೇಕಾದ ಮಡಿಲಕ್ಕಿಯನ್ನು ನನ್ನ ಅಕ್ಕ ಕಟ್ಟುತ್ತಿದ್ದಳು. ಅಕ್ಕಿ, ಬೆಲ್ಲ, ಕೊಬ್ಬರಿ ಇಟ್ಟಾಯಿತು. ಆಶಾರಾಣಿ ಕೈ ತಡೆದು, ಅರಿಶಿನದ ಬಟ್ಟೆಯಲ್ಲಿ ಸುತ್ತಿದ ಆ ಮುದ್ದೆಯನ್ನು ತೆಗೆದು ಕೊಬ್ಬರಿಯ ಪಕ್ಕ ಇಟ್ಟಳು. ಮಡಿ ಮೈಲಿಗೆ ಎನ್ನುತ್ತಿದ್ದ ಅಕ್ಕ ಅದನ್ನೂ ಸೇರಿಸಿ ಗಂಟು ಹಾಕಿದಳು.

ನನ್ನ ಬೇಡಿಕೆ ದೊಡ್ಡದಲ್ಲ. ಮುಂಬದಿಯಲ್ಲಿ ಯಾವ ಭಾಷೆಯಲ್ಲಿ, ಎಷ್ಟು ದಪ್ಪಕ್ಕೆ ಆಸೆ ತೋರಿಸುತ್ತಾರೋ ಅದೇ ಭಾಷೆಯಲ್ಲಿ, ಅಷ್ಟೇ ದಪ್ಪಕ್ಕೆ, ಒಳಗೇನಿದೆ ಮತ್ತು ಅದು ಕೂದಲಿಗೆ ಏನು ಮಾಡುತ್ತದೆ ಎಂದು ಬರೆಸಿ. ತೇವಾಂಶ ಕೊಡುತ್ತೇವೆ ಎಂದವರು ಯಾವ ಪದಾರ್ಥದಿಂದ ಕೊಡುತ್ತೇವೆ, ಅದು ಸಾಲಿನಲ್ಲಿ ಎಷ್ಟನೆಯದು ಎಂದು ಹೇಳಲಿ. ಅದಾಗುವ ತನಕ "ಮರಳಿ ಜೀವ" ಎಂಬ ಮಾತನ್ನು ಅಳಿಸಿ. ಅದನ್ನು ನಂಬುವವರು ಯಾವ್ಯಾವ ಮನೆಯಲ್ಲಿ ಇರುತ್ತಾರೋ ನಿಮಗೆ ತಿಳಿಯದು.

ಸಾಕ್ಷಿಗೆ ಖಾಲಿ ಪೊಟ್ಟಣ ಲಗತ್ತಿಸಿದ್ದೇನೆ. ಕೂದಲಿನ ಒಂದು ಚೂರನ್ನೂ ಲಗತ್ತಿಸಬೇಕೆಂದು ಮಗಳಿಗೆ ಫೋನು ಮಾಡಿ ಕೇಳಿದೆ. ಅವಳು ಅಂದಳು: "ಬ್ಯಾಡ ಕಣಪ್ಪ. ಅವ್ವನ್ನ ಆಪೀಸ್‌ಗೆಲ್ಲಾ ಕಳುಸ್ಬ್ಯಾಡ. ಅಲ್ಲಿ ಬೆಂಚ್ ಮ್ಯಾಲೆ ಕಾಯ್ಕಂಡು ಕೂರ್ಬೇಕಾಯ್ತದೆ."

ಆದ್ದರಿಂದ ಅದನ್ನು ಕಳಿಸುತ್ತಿಲ್ಲ.

ಇಂತಿ,
ರೇಷ್ಮೆಗೆ ಅಳೆದು ಹಾಕಿ, ಹೆಂಡತಿಗೆ ಅಳೆಯದೆ ಸುರಿದ
ಪುಟ್ಟಮಾದಪ್ಪ
ನೂಲು ಬೇಯಿಸುವವನು, ಕೊಳ್ಳೇಗಾಲ