ಅಳದ ಕೂಸು

ಹುಬ್ಬಳ್ಳಿ
ಇಸವಿ ೨೧೮೩, ಫೆಬ್ರವರಿ ೩೦

ಪ್ರಮೀಳಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು ಬನಶಂಕರಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನೀವು ಹುಬ್ಬೇರಿಸುತ್ತೀರಿ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನವೇ ಇರಲಿಲ್ಲವಂತೆ. ನಮ್ಮಲ್ಲಿ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ಐದು ದಿನಗಳಿಗೆ ತೂಕದ ದಿನಗಳೆಂದು ಹೆಸರು, ಅವು ಯಾವ ತಿಂಗಳಿಗೂ ಸೇರಿದವಲ್ಲ. ಈ ಪತ್ರದಲ್ಲಿ ನೀವು ಕೇಳದ ಮಾತುಗಳು ಇನ್ನೂ ಬರುತ್ತವೆ. ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಆದರೂ ಒರಟಾಗಿ ಕೇಳಿಸಿದರೆ ಕ್ಷಮಿಸಿ. ನನಗೀಗ ಅರವತ್ತೊಂದು. ನಾನು ಮಾತಾಡಿಸುತ್ತಿರುವ ನಿಮಗೆ ಮೂವತ್ತೆಂಟು. ವಯಸ್ಸಿನಲ್ಲಿ ಮಗಳಾಗಬೇಕಾದವರನ್ನು ಅಜ್ಜಿ ಎನ್ನುವುದು ನನಗೂ ಸಂಕೋಚವೇ. ಆದರೆ ನೀವು ನನ್ನ ಅಜ್ಜಿಯ ಮುತ್ತಜ್ಜಿ, ಬೇರೆ ಹೇಗೆ ಕರೆಯಲಿ?

ನಿಮ್ಮ ಒಂದು ಫೋಟೊ ನಮ್ಮಲ್ಲಿದೆ. ವಿದ್ಯಾನಗರದ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಚೂಡಿದಾರದ ಮೇಲೆಯೇ, ಕಿಟಕಿಯ ಸರಳಿಗೆ ಸಿಕ್ಕಿಸಿದ ನೀಲಿ ರಬ್ಬರ್ ಪಟ್ಟಿಯನ್ನು ಎರಡೂ ಕೈಯಿಂದ ಎಳೆಯುತ್ತ ನಗುತ್ತಿದ್ದೀರಿ. ಕಾಲ ಬಳಿ ಒಂದು ಜೊತೆ ಡಂಬೆಲ್ಸ್, ಟೀಪಾಯಿಯ ಮೇಲೆ ಪುಡಿಯ ಡಬ್ಬಿ. ಎರಡನೆಯ ಹೆರಿಗೆಯ ನಂತರ ಮೈ ಬಂದಿತ್ತೆಂದೂ, ಜಿಮ್ಮಿಗೆ ಹೋಗಲು ಬಿಡುವಿಲ್ಲದೆ ಮನೆಯಲ್ಲೇ ಹಗ್ಗ ಜಿಗಿದು, ಪಟ್ಟಿ ಎಳೆದು, ಬೆಳಗಿನ ಉಪಾಹಾರದ ಬದಲು ಆ ಪುಡಿಯನ್ನು ನೀರಿಗೆ ಕಲಸಿ ಕುಡಿದು ಐದು ತಿಂಗಳಲ್ಲಿ ಹನ್ನೊಂದು ಕಿಲೊ ಇಳಿಸಿದಿರೆಂದೂ ನನ್ನ ಅಜ್ಜಿ ಹೇಳುತ್ತಿದ್ದರು. ಮದುವೆ ಮನೆಗಳಲ್ಲಿ ಹೆಂಗಸರು ನಿಮ್ಮನ್ನು ಮೂಲೆಗೆ ಕರೆದುಕೊಂಡು ಹೋಗಿ ಏನು ಮಾಡಿದಿರಿ ಎಂದು ಕೇಳುತ್ತಿದ್ದರಂತೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಮೊಣಕಾಲು ನೋವು ಹೋಯಿತು, ಮಕ್ಕಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಿರಿ. ಅದು ಒಳ್ಳೆಯದೇ ಆಯಿತು.

ಮುಂದಿನದು ನಿಧಾನವಾಗಿ ಆಯಿತು. ನಿಮ್ಮ ಮಗಳ ಕಾಲದ ಪುಡಿ ಬೆಳಗಿನ ಹಸಿವನ್ನು ತಡೆಯುತ್ತಿತ್ತು. ಮೊಮ್ಮಗಳ ಕಾಲದ್ದು ಮಧ್ಯಾಹ್ನದ್ದನ್ನೂ. ನನ್ನ ಅಜ್ಜಿ ಹುಟ್ಟುವ ಹೊತ್ತಿಗೆ ಹಸಿವಾರಿ ಬಂದಿತ್ತು. ಬೂದಿ ಬಣ್ಣದ, ರುಚಿಯಿಲ್ಲದ ಪುಡಿ ಅದು. ಬೆಳಗ್ಗೆ ಒಂದು ಚಮಚ ಕುಡಿದರೆ ಇಡೀ ದಿನ ಹೊಟ್ಟೆ ಏನನ್ನೂ ಕೇಳುವುದಿಲ್ಲ. ಯಾರೂ ಯಾರನ್ನೂ ಬಲವಂತ ಮಾಡಲಿಲ್ಲ. ಕುಡಿಯದವರು ದಪ್ಪಗಾದರು, ಕುಡಿದವರು ಅವರನ್ನು ನೋಡಿದರು, ಅಷ್ಟೇ ಸಾಕಾಯಿತು.

ನಮ್ಮ ಮನೆಗಳು ಹೇಗಿವೆಯೆಂದು ನೀವು ಕಣ್ಣ ಮುಂದೆ ತಂದುಕೊಳ್ಳಬೇಕು. ಪ್ರತಿ ಹೊಸ್ತಿಲೂ ಒಂದು ತಕ್ಕಡಿ. ದಾಟಿದವರ ತೂಕ ಬಾಗಿಲ ಮೇಲೆ ಬೆಳಕಿನ ಅಂಕಿಯಾಗಿ ಮೂಡುತ್ತದೆ, ಹೆಚ್ಚಿದ್ದರೆ ಕೆಂಪು. ನಿಮ್ಮ ಅಡುಗೆಮನೆ ಇದ್ದ ಜಾಗದಲ್ಲಿ ನಮಗೆ ಮೈಮನೆ ಇದೆ. ಅಲ್ಲಿ ತುಳಿಯುವ ಹಲಗೆ, ಗೋಡೆಗೆ ಎಳೆಯುವ ಪಟ್ಟಿಗಳು, ಮೂಲೆಯಲ್ಲಿ ಬಟ್ಟಲು ಬಿಸಿ ಮಾಡುವಷ್ಟು ಸಣ್ಣ ಒಲೆ. ದಿನಕ್ಕೆ ಎರಡು ಸಲ ಓಣಿಯ ಗಂಟೆ ಬಾರಿಸುತ್ತದೆ. ಆಗ ಒಂದೊಂದು ಬಟ್ಟಲು ಗಂಜಿ ಉಣ್ಣುತ್ತೇವೆ. ಹಾಲೂಡಿಸುವ ತಾಯಂದಿರಿಗೆ ಬೇರೆ ಗಂಟೆ, ಮೂರು ತಾಸಿಗೊಮ್ಮೆ. ಗಂಟೆಯಾಯಿತೆಂದು ಉಣ್ಣುತ್ತೇವೆ, ಬೇಕೆನಿಸಿ ಅಲ್ಲ. ನಿಮ್ಮ ಕಾಲದಲ್ಲಿ ದಾರಿಯಲ್ಲಿ ಸಿಕ್ಕವರು ‘ಊಟ ಆತೇನ್ರಿ?’ ಎಂದು ಕೇಳುತ್ತಿದ್ದರಂತೆ. ನಾವು ‘ಎಷ್ಟ ಅದೀರಿ?’ ಎಂದು ಕೇಳುತ್ತೇವೆ. ಎದುರಿನವರು ಕಿಲೊ ಹೇಳುತ್ತಾರೆ.

ಇಪ್ಪತ್ತೆರಡು ವರ್ಷ ನಾನು ತೂಕದಕ್ಕನಾಗಿದ್ದೆ. ಕೇಶ್ವಾಪುರದ ನಲವತ್ತು ಮನೆಗಳು ನನ್ನ ಪಾಲಿನವು. ಪ್ರತಿ ಗುರುವಾರ ಮನೆಮನೆಗೆ ಹೋಗಿ ಹಸಿವಾರಿಯ ಚೀಲ ಕೊಡುವುದು, ಎಲ್ಲರನ್ನೂ ತೂಗಿ ಬರೆದುಕೊಳ್ಳುವುದು, ಪಟ್ಟಿ ಸಡಿಲಾಗಿದ್ದರೆ ಬದಲಿಸುವುದು ನನ್ನ ಕೆಲಸ. ಎಲ್ಲರೂ ಅಕ್ಕಾರ ಅಕ್ಕಾರ ಎಂದು ಗೌರವದಿಂದ ಕಾಣುತ್ತಿದ್ದರು. ನಾನು ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂದೇ ನಂಬಿದ್ದೆ.

ಏಳು ವರ್ಷದ ಹಿಂದೆ, ಕಸ್ತೂರಿ ಎಂಬ ಹುಡುಗಿಯ ಮನೆಯಲ್ಲಿ ಮೊದಲ ಸಲ ಹಾಲಿಗೆ ಅಳದ ಕೂಸನ್ನು ಕಂಡೆ. ಚೊಚ್ಚಲು ಗಂಡು, ಎರಡು ತಿಂಗಳಿನದು. ತೂಗಲು ಎತ್ತಿಕೊಂಡಾಗ ಕಣ್ಣು ತೆರೆದು ನನ್ನನ್ನೇ ನೋಡುತ್ತಿತ್ತು. ತೂಕ ಕಡಿಮೆ ಇತ್ತು.

‘ಎಷ್ಟ ಶಾಣ್ಯಾ ಅದಾನ ನೋಡ್ರಿ ಅಕ್ಕಾರ,’ ಎಂದಳು ಕಸ್ತೂರಿ ಹೆಮ್ಮೆಯಿಂದ. ‘ಹುಟ್ಟಿದಾಗಿಂದ ಹಾಲಿಗಂತ ಒಂದಿನಾನೂ ಅತ್ತಿಲ್ಲ.’

‘ಮತ್ತ ಹಾಲು ಯಾವಾಗ ಕುಡಸ್ತಿ?’

‘ಗಂಟಿ ಬಾರಸಿದಾಗರಿ.’

ನಾನೂ ನಕ್ಕು, ಕೂಸಿನ ಗಲ್ಲ ಮುಟ್ಟಿ, ಮುಂದಿನ ಮನೆಗೆ ಹೋದೆ.

ಆ ಮಳೆಗಾಲದಲ್ಲಿ ಎರಡು ದಿನ ಬಿರುಗಾಳಿ ಬೀಸಿ, ವಿದ್ಯುತ್ ಹೋಗಿ, ಓಣಿಯ ಗಂಟೆ ನಿಂತಿತು. ಮೂರನೆಯ ದಿನ ಗುರುವಾರ, ಗಂಟೆ ಇನ್ನೂ ಬಾರಿಸಿರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಕಸ್ತೂರಿಯ ಮನೆ ಹೊಕ್ಕಾಗ ಅವಳು ತುಳಿಹಲಗೆಯ ಮೇಲೆ ನಡೆಯುತ್ತಿದ್ದಳು. ಕೂಸು ಮಲಗಿದೆ, ಎಬ್ಬಿಸಬೇಡಿ ಎಂದಳು. ನಾನು ತೊಟ್ಟಿಲಿಗೆ ಬಗ್ಗಿದೆ. ಕೂಸು ತಣ್ಣಗಿತ್ತು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಎರಡು ದಿನ ಆ ಮನೆಯಲ್ಲಿ ತಾಯಿಗೂ ಹಸಿವಾಗಲಿಲ್ಲ, ಮಗುವೂ ಹಾಲಿಗೆ ಅಳಲಿಲ್ಲ. ಹೊತ್ತು ಹೋದದ್ದು ಯಾರಿಗೂ ತಿಳಿಯಲಿಲ್ಲ.

ಕಸ್ತೂರಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಆಮೇಲೆ ನನ್ನ ಸೆರಗು ಹಿಡಿದು ಕೇಳಿದಳು: ‘ಗಂಟಿ ಬಾರಸಲಿಲ್ಲಲ್ರಿ ಅಕ್ಕಾರ. ನನಗ ಹೆಂಗ ಗೊತ್ತಾಗಬೇಕಿತ್ರಿ?’

ನಾನೂ ಆ ಎರಡು ದಿನ ಉಂಡಿರಲಿಲ್ಲವೆಂಬುದು ಆಗಲೇ ನನಗೆ ಹೊಳೆದದ್ದು.

ತೂಕದ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಸಾಹೇಬರು ಸಮಾಧಾನದಿಂದಲೇ ಕೇಳಿಸಿಕೊಂಡರು. ‘ಗಂಟಿಗೆ ಇನ್ನೊಂದು ಬ್ಯಾಟರಿ ಕೂಡಸೋಣ ಬನಕ್ಕ,’ ಎಂದರು. ‘ಆದ್ರ ಕೂಸು ಅಳೂದಿಲ್ಲಂತ ಯಾವ ತಾಯಿ ದೂರು ಕೊಟ್ಟಾಳ, ನೀವs ಹೇಳ್ರಿ.’ ನಿಜವಾಗಿಯೂ ಯಾರೂ ಕೊಟ್ಟಿರಲಿಲ್ಲ. ಬ್ಯಾಟರಿ ಬಂತು. ಮುಂದಿನ ಮೂರು ವರ್ಷಗಳಲ್ಲಿ ನನ್ನ ನಲವತ್ತು ಮನೆಗಳಲ್ಲಿ ಹನ್ನೊಂದು ಸುಮ್ಮನಿರುವ ಕೂಸುಗಳು ಹುಟ್ಟಿದವು. ಜನ ಅವನ್ನು ಹಾಗೆಯೇ ಕರೆದರು, ಸುಮ್ಮನ ಕೂಸು ಎಂದು, ಪ್ರೀತಿಯಿಂದ. ನಾನು ಚೀಲ ಹಂಚುತ್ತಲೇ ಇದ್ದೆ. ಬಿಟ್ಟರೆ ಬೇರೆಯವರು ಹಂಚುತ್ತಾರೆ, ನಾನಿದ್ದರೆ ಕೂಸುಗಳನ್ನಾದರೂ ನೋಡಿಕೊಳ್ಳುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಹಸಿವಾರಿ ಇಲ್ಲದೆ ಬದುಕುವುದು ಹೇಗೆಂದು ನನಗೇ ಗೊತ್ತಿರಲಿಲ್ಲ.

ಹದಿನಾರು ತಿಂಗಳ ಹಿಂದೆ ನನ್ನ ಮಗಳು ಮಂದಾಕಿನಿ ಹೆತ್ತಳು. ಹೆಣ್ಣು ಮಗು, ಇಳಾ ಎಂದು ಹೆಸರಿಟ್ಟೆವು. ಬಸುರಿಯರಿಗೆ ಅರ್ಧ ಚಮಚವೆಂಬ ನಿಯಮದಂತೆ ಅರ್ಧ ಚಮಚವನ್ನೇ ಕುಡಿದಿದ್ದಳು, ನನ್ನ ಕೈಯಿಂದಲೇ. ಹುಟ್ಟಿದ ಕೂಡಲೆ ಇಳಾ ಎಲ್ಲ ಮಕ್ಕಳಂತೆ ಒಮ್ಮೆ ಅತ್ತಳು. ನಾನು ಕಣ್ಣೊರೆಸಿಕೊಂಡು ನಕ್ಕೆ. ಆಮೇಲೆ ತಾಯಿಯ ಮಗ್ಗುಲಲ್ಲಿ ಮಲಗಿಸಿ ಕಾದೆವು. ಮೂರು ತಾಸು, ಆರು ತಾಸು. ಒದ್ದೆಯಾದಾಗ ಅತ್ತಳು, ಚಳಿಗೆ ಅತ್ತಳು. ಹಾಲಿಗೆ ಅಳಲಿಲ್ಲ. ಎದೆಗೆ ಹಿಡಿದರೆ ಕುಡಿಯುತ್ತಿದ್ದಳು, ಬಿಡಿಸಿದರೆ ಬಿಡುತ್ತಿದ್ದಳು.

‘ಅವ್ವಾ, ನಮ್ಮದೂ ಸುಮ್ಮನ ಕೂಸ?’ ಎಂದಳು ಮಂದಾಕಿನಿ.

ನಾನು ಹೌದೆಂದೆ. ಅಳಿಯ ಗಿರಿಮಲ್ಲ ಗೋಡೆಯ ಕಡೆ ತಿರುಗಿ ನಿಂತ.

ಒಂದು ತಿಂಗಳ ಬಳಿಕ ನಾನು ಕೆಲಸ ಬಿಟ್ಟೆ. ಅದೇ ದಿನ ಮನೆಯಲ್ಲಿದ್ದ ಹಸಿವಾರಿಯನ್ನೆಲ್ಲ ಮೋರಿಗೆ ಸುರಿದೆವು. ತಾಯಿಯ ಹೊಟ್ಟೆಯಲ್ಲಿ ಹಸಿವು ಮರಳಿದರೆ ಹಾಲಿನ ಮೂಲಕ ಮಗುವಿಗೂ ಬಂದೀತೆಂಬ ಆಸೆ. ಹಿಂದೆ ಹಸಿವು ಎಲ್ಲರಿಗೂ ತಾನಾಗಿ ಬರುತ್ತಿತ್ತಲ್ಲವೇ, ದಾರಿ ಬಿಟ್ಟುಕೊಟ್ಟರೆ ಮತ್ತೆ ಬರುತ್ತದೆ ಎಂದುಕೊಂಡೆವು. ಬೆಳಗ್ಗೆ ಎದ್ದ ಕೂಡಲೇ ನಾನು ಮಗಳ ಮುಖ ನೋಡುತ್ತಿದ್ದೆ.

‘ಬಂತೇನು?’

‘ಇನ್ನೂ ಇಲ್ಲವ್ವಾ.’

ಹತ್ತು ದಿನ, ನಲವತ್ತು ದಿನ. ಒಂದು ಬೆಳಗ್ಗೆ ಅವಳು ಓಡಿಬಂದು ನನ್ನ ಕೈಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ‘ಇಲ್ಲೆ ಏನೋ ಹಿಂಡಾಕತ್ತೈತಿ. ಇದs ಇರಬೇಕಲ?’ ನಾನು ಗಡಬಡಿಸಿ ಬಟ್ಟಲು ತಂದೆ. ಎರಡು ತುತ್ತಿಗೆ ವಾಂತಿ ಮಾಡಿಕೊಂಡಳು. ಅದು ಬರೀ ಹೊಟ್ಟೆ ನೋವು. ಅವಳು ಅದನ್ನು ಹಸಿವೆಂದುಕೊಂಡಳು, ನಾನೂ ನಂಬಿದೆ. ನಮಗಿಬ್ಬರಿಗೂ ವ್ಯತ್ಯಾಸ ಗೊತ್ತಿರಲಿಲ್ಲ.

ವಾಸನೆಗೆ ಬರುತ್ತದೆ ಎಂದು ಯಾರೋ ಹೇಳಿದರು. ಗಿರಿಮಲ್ಲ ಎಲ್ಲಿಂದಲೋ ಕಡಲೆಹಿಟ್ಟು, ಎಣ್ಣೆ, ಉದ್ದ ಮೆಣಸಿನಕಾಯಿ ಹುಡುಕಿ ತಂದ. ನಿಮ್ಮ ಹುಬ್ಬಳ್ಳಿಯಲ್ಲಿ ಸಂಜೆಯಾದರೆ ಓಣಿಯ ತುದಿಗೆಲ್ಲ ಮಿರ್ಚಿ ಕರಿಯುತ್ತಿದ್ದರಂತೆ, ಜನ ನಿಂತು ಕಾಯುತ್ತಿದ್ದರಂತೆ. ನಾವು ಕರಿದಾಗ ನೆರೆಯವರು ಕಿಟಕಿ ಮುಚ್ಚಿಕೊಂಡರು. ಮಂದಾಕಿನಿ ಒಂದು ಪೂರ್ತಿ ತಿಂದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು.

‘ಚಲೋ ಐತೆವ್ವಾ,’ ಎಂದಳು. ‘ಭಾಳ ಚಲೋ ಐತಿ. ಆದ್ರ ಇನ್ನೊಂದು ಬೇಕು ಅನಸವಲ್ದು.’

ಆಗ ಅವಳು ಅತ್ತಳು. ಮಗಳು ಅಷ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ.

ಹಸಿವನ್ನು ಕರೆಯಲು ಹಾಗೆ ತಿಂದು ತಿಂದು ಅವಳ ತೂಕ ನಾಲ್ಕು ಕಿಲೊ ಏರಿದೆ. ಬಾಗಿಲ ಮೇಲೆ ಕೆಂಪು ಅಂಕಿ. ಎದುರು ಮನೆಯವರು ಮಾತು ಬಿಟ್ಟಿದ್ದಾರೆ. ಗಿರಿಮಲ್ಲನನ್ನು ಕೆಲಸದಲ್ಲಿ ಕರೆದು ಕೇಳಿದ್ದಾರೆ. ಮೊನ್ನೆ ಕಚೇರಿಯಿಂದ ಕಾಗದ ಬಂತು: ತಾಯಿ ಮಗು ಇಬ್ಬರೂ ಬರುವ ಗುರುವಾರದೊಳಗೆ ತಿದ್ದುಮನೆಗೆ ಬರಬೇಕು. ತೂಕ ಸರಿಯಾಗುವವರೆಗೆ ಇಟ್ಟುಕೊಳ್ಳುವ ಜಾಗ ಅದು. ಅಲ್ಲಿ ಪುಡಿಯನ್ನು ಕೇಳಿ ಕೊಡುವುದಿಲ್ಲ. ಈಗ ಒಂದು ವರ್ಷದ ಮಕ್ಕಳಿಗೂ ಕೊಡುತ್ತಾರಂತೆ. ಹೋಗುವುದಿಲ್ಲವೆಂದು ತೀರ್ಮಾನಿಸಿದ್ದೇವೆ. ಬೆಳಗಾವಿಯ ಆಚೆ, ಘಟ್ಟದ ಕೆಳಗೆ ಹಸಿವಾರಿ ಮುಟ್ಟದ ಕೆಲವು ಕುಟುಂಬಗಳಿವೆಯಂತೆ. ಇವೆಯೋ ಇಲ್ಲವೋ ಹೋಗಿ ನೋಡಿದವರನ್ನು ನಾನು ಕಂಡಿಲ್ಲ. ನಾಳೆ ಬೆಳಗ್ಗೆ ನಾಲ್ವರೂ ಹೊರಡುತ್ತೇವೆ.

ಇಳಾ ಈಗ ನಡೆಯುತ್ತಾಳೆ. ಚಂದ್ರನನ್ನು ಕೇಳುತ್ತಾಳೆ, ನನ್ನ ಕನ್ನಡಕ ಕೇಳುತ್ತಾಳೆ. ತುತ್ತನ್ನು ಮಾತ್ರ ಇಂದಿನವರೆಗೆ ಒಮ್ಮೆಯೂ ಕೇಳಿಲ್ಲ. ಬಾಯಿಗಿಟ್ಟರೆ ನುಂಗುತ್ತಾಳೆ. ಇಡಲು ನಾವಿಲ್ಲದ ದಿನ ಅವಳು ಏನು ಮಾಡುತ್ತಾಳೆ?

ಪ್ರಮೀಳಜ್ಜಿ, ನೀವು ಪಟ್ಟಿ ಎಳೆಯಿರಿ, ಹಗ್ಗ ಜಿಗಿಯಿರಿ, ಮೈಯನ್ನು ಹಗುರವಾಗಿ ಇಟ್ಟುಕೊಳ್ಳಿ. ಅದನ್ನು ಬಿಡಿ ಎಂದು ಹೇಳಲು ನಾನು ಬರೆಯುತ್ತಿಲ್ಲ. ಹೊಟ್ಟೆಯ ಬಾಯಿ ಮುಚ್ಚಿಸುತ್ತೇವೆನ್ನುವ ಪುಡಿಯನ್ನು ಮಾತ್ರ ನಂಬಬೇಡಿ, ನಿಮ್ಮ ಮಗಳ ಕೈಗೆ ಅದನ್ನು ಕೊಡಬೇಡಿ. ಈ ಮಾತು ನಿಮಗೆ ತಲುಪಿ, ನೀವು ಕೇಳಿದರೆ, ನಾನೂ ನನ್ನ ಮಗಳೂ ಬೇರೆಯೇ ಮನುಷ್ಯರಾಗಿ ಹುಟ್ಟುತ್ತೇವೇನೋ. ತಲುಪಿಯೂ ಏನೂ ಬದಲಾಗದಿದ್ದರೆ, ಇನ್ನೊಂದು ಉಪಕಾರ ಮಾಡಿ.

ನಾಳೆ ಬೆಳಗ್ಗೆ ಏನನ್ನೂ ಕುಡಿಯದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿ. ಹಸಿವು ಬರಲಿ. ಬಂದಾಗ ಅದು ಹೇಗಿರುತ್ತದೆಂದು ಬರೆದು, ನಮ್ಮವರೆಗೆ ಬಂದ ಆ ಫೋಟೊದ ಜೊತೆಗೇ ಇಡಿ. ಎಲ್ಲಿ ಶುರುವಾಗುತ್ತದೆ, ಹೊಟ್ಟೆಯಲ್ಲೋ ಬಾಯಲ್ಲೋ. ನೋವಿನ ಹಾಗಿರುತ್ತದೋ, ಯಾರೋ ಒಳಗಿನಿಂದ ಕರೆದ ಹಾಗಿರುತ್ತದೋ. ಮೊದಲ ತುತ್ತಿಗೆ ಅದು ಏನಾಗುತ್ತದೆ. ನಾವು ಕೇಳಿದ ಯಾರಿಗೂ ಗೊತ್ತಿಲ್ಲ. ಮಗುವಿಗೆ ಅರ್ಥವಾಗುವ ಹಾಗೆ, ಸಣ್ಣ ಸಣ್ಣ ಮಾತಿನಲ್ಲಿ ಬರೆಯಿರಿ. ನಾನು ಅವಳಿಗೆ ಓದಿ ಹೇಳಬೇಕು.

ನಿಮ್ಮವಳು,
ಬನಶಂಕರಿ